ಒಂದೇ ದಿನ ತೆರೆಯುವ ಬಾಗಿಲು: ನಗರದ ಹಳೆ ಕಟ್ಟಡಗಳನ್ನು ನೋಡುವುದು ಹೇಗೆ?

ಕೆಲವು ಕಟ್ಟಡಗಳ ಮುಂದೆ ನಾವು ವರ್ಷಗಟ್ಟಲೆ ಓಡಾಡಿರುತ್ತೇವೆ, ಒಳಗೆ ಮಾತ್ರ ಕಾಲಿಟ್ಟಿರುವುದಿಲ್ಲ. ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಸರ್ಕಾರಿ ಕಚೇರಿ, ಮತ್ತೊಂದು ಕಡೆ ಬೀಗ ಜಡಿದ ಗಡಿಯಾರ ಗೋಪುರ. ಇಂಥ ಬಾಗಿಲುಗಳನ್ನೆಲ್ಲ ಒಂದೆರಡು ದಿನ ಎಲ್ಲರಿಗೂ ತೆರೆದಿಡುವುದೇ ಪಾರಂಪರಿಕ ಕಟ್ಟಡಗಳ ಮುಕ್ತ ದಿನ. ಬಹುತೇಕ ಕಡೆ ಪ್ರವೇಶ ಉಚಿತ.

ಈ ಪದ್ಧತಿಗೆ ದಾರಿ ತೋರಿಸಿದ್ದು ಫ್ರಾನ್ಸ್. 1984ರಲ್ಲಿ ಅಲ್ಲಿನ ಸಂಸ್ಕೃತಿ ಸಚಿವ ಜಾಕ್ ಲಾಂಗ್ ಐತಿಹಾಸಿಕ ಕಟ್ಟಡಗಳನ್ನು ಒಂದು ದಿನ ಜನರಿಗೆ ತೆರೆಸಿದರು. 1991ರ ಹೊತ್ತಿಗೆ ಅದು ಯುರೋಪಿನ ಹಲವು ದೇಶಗಳು ಒಟ್ಟಾಗಿ ನಡೆಸುವ ಕಾರ್ಯಕ್ರಮವಾಯಿತು. ಲಂಡನ್‌ನಲ್ಲಿ 1992ರಿಂದ ಓಪನ್ ಹೌಸ್ ನಡೆಯುತ್ತಿದೆ. ಜರ್ಮನಿ 1993ರಲ್ಲಿ, ಇಂಗ್ಲೆಂಡ್ 1994ರಲ್ಲಿ ತಮ್ಮದೇ ದಿನಗಳನ್ನು ಶುರು ಮಾಡಿದವು. ನ್ಯೂಯಾರ್ಕ್ 2003ರಲ್ಲಿ ಸೇರಿಕೊಂಡಿತು. ಯುರೋಪಿನಲ್ಲಿ ಇವೆಲ್ಲ ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತವೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಆವತ್ತೂ ಹಲವು ದೇಶಗಳಲ್ಲಿ ಕಾರ್ಯಕ್ರಮಗಳಿರುತ್ತವೆ.

ಬಾಗಿಲು ತೆರೆದಿದೆ, ಪ್ರವೇಶ ಉಚಿತ ಅಂದ ಮೇಲೆ ಆಗುವುದೇನು? ಜನ ಬೆಳಿಗ್ಗೆಯಿಂದ ಸಂಜೆವರೆಗೆ ಹತ್ತು ಕಡೆ ಓಡಾಡಿ, ಹತ್ತು ಬಾಗಿಲ ಮುಂದೆ ಫೋಟೊ ತೆಗೆದು ಸುಸ್ತಾಗಿ ಮನೆಗೆ ಬರುತ್ತಾರೆ. ಮೂರು ಕಟ್ಟಡ ಸಾಕು ಅನ್ನುವುದು ನನ್ನ ಲೆಕ್ಕ. ಅವುಗಳಲ್ಲಿ ಒಂದನ್ನಾದರೂ ತಳದಿಂದ ಚಾವಣಿಯವರೆಗೆ ನಿಧಾನವಾಗಿ ನೋಡಬೇಕು.

ಬೀಗ ನೋಡಿ ಆರಿಸಿ

ಪಟ್ಟಿ ಕೈಗೆ ಸಿಕ್ಕ ಕೂಡಲೇ ಹೆಸರುವಾಸಿ ಕಟ್ಟಡಗಳಿಗೆ ಟಿಕ್ ಹಾಕಬೇಡಿ. ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಬೇರೆ ದಿನ ನೋಡಬಹುದಾ? ವಸ್ತುಸಂಗ್ರಹಾಲಯ, ದೊಡ್ಡ ಚರ್ಚು, ಕೋಟೆ ಇವೆಲ್ಲ ವರ್ಷವಿಡೀ ತೆರೆದೇ ಇರುತ್ತವೆ. ಅವನ್ನು ಸುಮ್ನೆ ಬಿಟ್ಟುಬಿಡಿ. ಉಳಿದ ದಿನ ಒಳಗೆ ಬಿಡದ ಜಾಗ ಯಾವುದೋ ಅದೇ ನಿಮ್ಮ ಜಾಗ. ಹಳೆ ಪಂಪ್‌ಹೌಸ್, ಮುಚ್ಚಿದ ಗಿರಣಿ, ಬ್ಯಾಂಕಿನ ತಿಜೋರಿ ಕೋಣೆ, ನಾಟಕಶಾಲೆಯ ರಂಗದ ಹಿಂಭಾಗ, ನ್ಯಾಯಾಧೀಶರ ಕೊಠಡಿ. ಪ್ಯಾರಿಸ್‌ನಲ್ಲಿ ಅಧ್ಯಕ್ಷರ ಎಲಿಸೀ ಅರಮನೆಗೆ ಆ ದಿನಗಳಲ್ಲಿ ಅಷ್ಟೊಂದು ಜನ ಮುಗಿಬೀಳುವುದೂ ಇದೇ ಕಾರಣಕ್ಕೆ.

ಪಂಪ್‌ಹೌಸ್, ಗಿರಣಿಯಂಥ ಕೆಲಸದ ಕಟ್ಟಡಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಅರಮನೆಯಲ್ಲಿ ತೂಗುದೀಪ, ಕುರ್ಚಿ, ಪರದೆ ನೋಡುವಷ್ಟರಲ್ಲೇ ಹೊತ್ತು ಹೋಗುತ್ತದೆ. ಗಿರಣಿಯಲ್ಲಿ ಕಟ್ಟಡದ ಎಲುಬೇ ಹೊರಗೆ ಕಾಣುತ್ತದೆ: ಕಂಬ, ತೊಲೆ, ಕಮಾನು, ಗೋಡೆ. ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ 1797ರಲ್ಲಿ ಕಟ್ಟಿದ, ಅಗಸೆ ನಾರಿನಿಂದ ನೂಲು ತೆಗೆಯುವ ಗಿರಣಿಯೊಂದಿದೆ. ಜಗತ್ತಿನ ಮೊದಲ ಕಬ್ಬಿಣದ ಚೌಕಟ್ಟಿನ ಕಟ್ಟಡ ಅದೇ. ಇವತ್ತಿನ ಗಗನಚುಂಬಿಗಳ ವಂಶಾವಳಿ ಅಲ್ಲಿಂದ ಶುರು. ಹೊರಗಿನಿಂದ ನೋಡಿದರೆ ಮಾಮೂಲಿ ಇಟ್ಟಿಗೆ ಗಿರಣಿ, ಅಷ್ಟೇ.

ಬುಕಿಂಗ್ ಮತ್ತು ಸಾಲು

ಇಲ್ಲಿ ಎಡವಿದರೆ ಆ ದಿನವೇ ಹಾಳು. ಕಟ್ಟಡಗಳಲ್ಲಿ ಸ್ಥೂಲವಾಗಿ ಮೂರು ಬಗೆ. ನೇರವಾಗಿ ಹೋಗಿ ಒಳಗೆ ನುಗ್ಗಬಹುದಾದವು, ಮೊದಲೇ ಸ್ಲಾಟ್ ಬುಕ್ ಮಾಡಬೇಕಾದವು, ಲಾಟರಿ ಎತ್ತಿ ಕರೆಯುವಂಥವು. ಲಂಡನ್‌ನಲ್ಲಿ ಪ್ರಧಾನಿಯ ಮನೆಯಾದ 10 ಡೌನಿಂಗ್ ಸ್ಟ್ರೀಟಿಗೆ ಓಪನ್ ಹೌಸ್ ಸಮಯದಲ್ಲಿ ಹೀಗೆ ಲಾಟರಿಯಲ್ಲೇ ಜನರನ್ನು ಬಿಟ್ಟದ್ದುಂಟು. ಲಾಟರಿ ಮತ್ತು ಬುಕಿಂಗ್ ಕಾರ್ಯಕ್ರಮಕ್ಕೆ ವಾರಗಳ ಮೊದಲೇ ಮುಗಿದುಹೋಗುತ್ತವೆ. ಆದ್ದರಿಂದ ಪಟ್ಟಿ ಪ್ರಕಟವಾದ ದಿನವೇ ಕೂತು ನೋಡಿ.

ಸಿಗದಿದ್ದರೆ? ಕಾರ್ಯಕ್ರಮಕ್ಕೆ ಒಂದೆರಡು ದಿನ ಇರುವಾಗ ಇನ್ನೊಮ್ಮೆ ನೋಡಿ. ಬುಕ್ ಮಾಡಿದವರು ರದ್ದು ಮಾಡಿದ ಸೀಟುಗಳು ಆಗ ಬರುತ್ತವೆ. ನೀವೂ ಹೋಗಲಾಗದಿದ್ದರೆ ರದ್ದು ಮಾಡಿಬಿಡಿ. ಉಚಿತ ಅಂತ ಬುಕ್ ಮಾಡಿ ಹೋಗದೇ ಇರುವವರು ಎಲ್ಲ ಊರಲ್ಲೂ ಇದ್ದಾರೆ, ಅವರಿಂದ ಒಬ್ಬರ ಅವಕಾಶ ಸುಮ್ನೆ ತಪ್ಪುತ್ತದೆ.

ಬುಕಿಂಗ್ ಇಲ್ಲದ ಕಡೆ ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ. ನಿಮಗೆ ಅತಿ ಮುಖ್ಯವಾದ ಕಟ್ಟಡ ಬೆಳಿಗ್ಗೆಯೇ ಆಗಿಬಿಡಲಿ. ಮಧ್ಯಾಹ್ನದ ಹೊತ್ತಿಗೆ ಸಾಲು ರಸ್ತೆ ತಿರುವು ದಾಟಿರುತ್ತದೆ. ಇನ್ನೊಂದು ವಿಷಯ: ಐದು ಗಂಟೆಗೆ ಮುಚ್ಚುತ್ತಾರೆ ಎಂದರೆ ಐದರವರೆಗೆ ಒಳಗೆ ಬಿಡುತ್ತಾರೆ ಎಂದಲ್ಲ. ಸಾಲಿನ ಬಾಲವನ್ನು ಎಷ್ಟೋ ಮೊದಲೇ ಕತ್ತರಿಸುತ್ತಾರೆ.

ಮೂರೂ ಕಟ್ಟಡ ನಡೆದು ಹೋಗುವಷ್ಟು ಹತ್ತಿರ ಇರಲಿ. ನಡುವೆ ಬಸ್ಸು, ಪಾರ್ಕಿಂಗ್ ಅಂತ ಸೇರಿಕೊಂಡರೆ ಕಟ್ಟಡಕ್ಕಿಂತ ರಸ್ತೆ ನೋಡಿದ್ದೇ ಜಾಸ್ತಿಯಾಗುತ್ತದೆ.

ಜೊತೆಗೇನು ಇರಬೇಕು

ಗುರುತಿನ ಚೀಟಿ. ಸರ್ಕಾರಿ ಕಟ್ಟಡಗಳಲ್ಲಿ ಅದಿಲ್ಲದೆ ಒಳಗೆ ಬಿಡುವುದಿಲ್ಲ. ಚಿಕ್ಕ ಚೀಲ, ದೊಡ್ಡದಾದರೆ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ. ನೀರು. ಚಪ್ಪಟೆ ಅಡಿಯ ಶೂ. ಕಬ್ಬಿಣದ ಏಣಿ, ಜಾಲರಿ ನೆಲ ಇರುವ ಕಡೆ ಹೈ ಹೀಲ್ಸ್ ಹಾಕಿದವರನ್ನು ಹತ್ತಲು ಬಿಡುವುದಿಲ್ಲ. ಹಳೆ ಮರದ ನೆಲದ ಮೇಲಂತೂ ಚೂಪು ಹಿಮ್ಮಡಿ ಗುಳಿ ಬೀಳಿಸುತ್ತದೆ. ಫೋನಿನ ಟಾರ್ಚ್ ಇದ್ದರೂ ಬೇರೆಯದೊಂದು ಚಿಕ್ಕ ಟಾರ್ಚ್ ಒಳ್ಳೆಯದು, ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಕುಸುರಿ ಕೆಲಸವೆಲ್ಲ ಸಾಮಾನ್ಯವಾಗಿ ಕಣ್ಣಿಗೆ ನಿಲುಕದ ಎತ್ತರದಲ್ಲೇ ಇರುತ್ತದೆ.

ವಯಸ್ಸಾದವರನ್ನೋ ಗಾಲಿಕುರ್ಚಿಯಲ್ಲಿ ಇರುವವರನ್ನೋ ಕರೆದುಕೊಂಡು ಹೋಗುವುದಾದರೆ ಮೊದಲೇ ವಿಚಾರಿಸಿ. ಲಿಫ್ಟ್, ಇಳಿಜಾರು ದಾರಿ, ಶೌಚಾಲಯ ಮೂರನ್ನೂ ಬೇರೆ ಬೇರೆಯಾಗಿಯೇ ಕೇಳಿ. 'ವ್ಯವಸ್ಥೆ ಇದೆ' ಅನ್ನುವ ಒಂದು ಉತ್ತರ ಸಾಲದು. ಕೆಳಮಹಡಿಗೆ ಮಾತ್ರ ದಾರಿ ಇರುವುದು ಎಷ್ಟೋ ಕಡೆ ಇದೆ.

ಮೊದಲು ರಸ್ತೆಯ ಆಚೆ ಬದಿ

ಬಾಗಿಲು ಕಂಡ ತಕ್ಷಣ ಒಳಗೆ ನುಗ್ಗಬೇಡಿ. ಎದುರು ರಸ್ತೆಯಲ್ಲಿ ನಿಂತು ಹತ್ತು ನಿಮಿಷ ಕಟ್ಟಡದ ಮುಖ ನೋಡಿ. ಸಾಲಿನಲ್ಲಿ ನಿಲ್ಲಬೇಕಾಗಿ ಬಂದರೆ ಆ ಸಮಯವನ್ನೂ ಇದಕ್ಕೇ ಬಳಸಿ.

ಮೊದಲು ಕಿಟಕಿಗಳ ಎತ್ತರ ಗಮನಿಸಿ. ಲಿಫ್ಟ್ ಬರುವ ಮುಂಚಿನ ದೊಡ್ಡ ಮನೆಗಳಲ್ಲಿ ನೆಲಮಹಡಿಯ ಮೇಲಿನದೇ ಠೀವಿಯ ಮಹಡಿ. ಅಲ್ಲಿ ಕಿಟಕಿಗಳು ಎತ್ತರ, ಅಲಂಕಾರವೂ ಜಾಸ್ತಿ. ಮೇಲೆ ಹೋದಂತೆ ಕಿಟಕಿ ಕುಳ್ಳಾಗುತ್ತದೆ, ಕೊನೆಗೆ ಸೂರಿನಡಿ ಸಿಗುವುದು ಕೆಲಸದವರ ಕೋಣೆ. ಅಷ್ಟು ಮೆಟ್ಟಿಲು ಹತ್ತುವ ಕಷ್ಟ ಅವರ ಪಾಲಿಗೆ! ಪ್ರಯಾಣಿಕರ ಲಿಫ್ಟನ್ನು ಓಟಿಸ್ ಕಂಪನಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕೂರಿಸಿದ್ದು 1857ರಲ್ಲಿ. ಲಿಫ್ಟ್ ಎಲ್ಲೆಡೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು, ತುದಿಯ ಮನೆಗೇ ಬೆಲೆ ಹೆಚ್ಚು.

ಆಮೇಲೆ ಇಟ್ಟಿಗೆ. ಒಂದು ವರಸೆಯಲ್ಲಿ ಇಟ್ಟಿಗೆಯ ಉದ್ದನೆ ಬದಿ, ಅದರ ಮೇಲಿನ ವರಸೆಯಲ್ಲಿ ಗಿಡ್ಡ ಬದಿ ಕಂಡರೆ ಅದು ಇಂಗ್ಲಿಷ್ ಬಾಂಡ್ ಎಂಬ ಜೋಡಣೆ. ಒಂದೇ ವರಸೆಯಲ್ಲಿ ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಬಂದರೆ ಫ್ಲೆಮಿಶ್ ಬಾಂಡ್. ಗಿಡ್ಡ ಬದಿ ಕಂಡಲ್ಲಿ ಇಟ್ಟಿಗೆ ಗೋಡೆಯ ಒಳಕ್ಕೆ ಅಡ್ಡ ಹೋಗಿ ಹಿಂದಿನ ಪದರವನ್ನು ಹಿಡಿದಿರುತ್ತದೆ. ಎಲ್ಲ ವರಸೆಯಲ್ಲೂ ಉದ್ದ ಬದಿ ಮಾತ್ರ ಇದ್ದರೆ ಅನುಮಾನ ಪಡಿ: ಅದು ಬಹುಶಃ ಒಂದೇ ಇಟ್ಟಿಗೆ ದಪ್ಪದ ಹೊಸ ಹೊದಿಕೆ.

ಇಟ್ಟಿಗೆಗಳ ನಡುವಿನ ಗಾರೆಯನ್ನೂ ನೋಡಿ. ಹಳೆಯದಾದರೆ ಸುಣ್ಣದ ಗಾರೆ, ಬಣ್ಣ ಬಿಳುಪು ಅಥವಾ ಕೆನೆ. ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಹಳೆ ಗೋಡೆಯಲ್ಲಿ ಬೂದು ಬಣ್ಣದ ಗಟ್ಟಿ ತೇಪೆ ಕಂಡರೆ ಅದರ ಸುತ್ತಲಿನ ಇಟ್ಟಿಗೆಯನ್ನು ಹತ್ತಿರದಿಂದ ನೋಡಿ. ಎಷ್ಟೋ ಸಲ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರಿ ಕೆಳಗೆ ಕೆಂಪು ಪುಡಿ ಬಿದ್ದಿರುತ್ತದೆ. ಗೋಡೆಯೊಳಗಿನ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತದೆ, ಸಿಮೆಂಟ್ ಅದನ್ನು ಬಿಡುವುದಿಲ್ಲ. ತೇವ ಇಟ್ಟಿಗೆಯಲ್ಲೇ ದಾರಿ ಮಾಡಿಕೊಳ್ಳುತ್ತದೆ, ಇಟ್ಟಿಗೆ ಸಾಯುತ್ತದೆ. ರಿಪೇರಿ ಮಾಡಿದ್ದೇ ಕಟ್ಟಡಕ್ಕೆ ಕುತ್ತಾಗುವುದು ಹೀಗೆ.

ಮುಚ್ಚಿದ ಕಿಟಕಿ ಕಂಡರೆ ಗೈಡ್‌ಗಳು ತಕ್ಷಣ ಕಿಟಕಿ ತೆರಿಗೆಯ ಕಥೆ ಹೇಳುತ್ತಾರೆ: ಕಿಟಕಿಗಳ ಲೆಕ್ಕದಲ್ಲಿ ತೆರಿಗೆ ಇತ್ತು, ಅದನ್ನು ತಪ್ಪಿಸಲು ಜನ ಕಿಟಕಿ ಮುಚ್ಚಿದರು ಅಂತ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಅಂಥ ತೆರಿಗೆ ಇದ್ದದ್ದು ನಿಜ. ಆದರೆ ಎಷ್ಟೋ ಕುರುಡು ಕಿಟಕಿಗಳನ್ನು ಕಟ್ಟುವಾಗಲೇ ಹಾಗೆ ಕಟ್ಟಿದ್ದು. ಎಡಬಲ ಒಂದೇ ಥರ ಕಾಣಬೇಕಿತ್ತು, ಒಳಗೆ ಆ ಜಾಗದಲ್ಲಿ ಒಲೆಯ ಹೊಗೆಗೂಡು ಬಂದಿತ್ತು, ಅಷ್ಟೇ. ಒಳಗೆ ಹೋದಾಗ ಆ ಕಿಟಕಿಯ ಹಿಂದೆ ಏನಿದೆ ನೋಡಿ, ಉತ್ತರ ಸಿಗುತ್ತದೆ.

ಒಳಗೆ: ಕೆಳಗೂ ನೋಡಿ, ಮೇಲೂ ನೋಡಿ

ಎಲ್ಲರೂ ತಲೆಯೆತ್ತಿ ಚಾವಣಿ ನೋಡುವಾಗ ನೀವು ಮೆಟ್ಟಿಲು ನೋಡಿ. ಕಲ್ಲಿನ ಮೆಟ್ಟಿಲು ಎಲ್ಲಿ ಸವೆದಿದೆ? ನಡುವೆಯಾ, ಕೈ ಹಿಡಿಯುವ ಕಂಬಿಯ ಪಕ್ಕವಾ? ಎಷ್ಟನೇ ಮಹಡಿಯಿಂದ ಸವೆತ ಕಡಿಮೆಯಾಗುತ್ತದೆ? ಜನ ಎಲ್ಲಿಯವರೆಗೆ ಬರುತ್ತಿದ್ದರು, ಎಲ್ಲಿ ನಿಂತರು ಅನ್ನುವುದು ಅಲ್ಲಿ ಬರೆದಿಟ್ಟ ಹಾಗಿರುತ್ತದೆ. ದೊಡ್ಡ ಮೆಟ್ಟಿಲಿನ ಜೊತೆಗೆ ಹಿಂಬದಿಯಲ್ಲಿ ಇಕ್ಕಟ್ಟಾದ ಇನ್ನೊಂದು ಮೆಟ್ಟಿಲು ಸಾಮಾನ್ಯವಾಗಿ ಇರುತ್ತದೆ. ಬಿಟ್ಟರೆ ಅದನ್ನೂ ಹತ್ತಿ.

ಕಿಟಕಿ ಗಾಜಿನ ಮುಂದೆ ಓರೆಯಾಗಿ ನಿಂತು ಅದರಲ್ಲಿ ಮೂಡುವ ಬಿಂಬ ನೋಡಿ. ನೇರ ಗೆರೆಗಳು ಅಲೆಅಲೆಯಾಗಿ ಬಾಗಿದರೆ, ಒಳಗೆ ಸಣ್ಣ ಗುಳ್ಳೆಗಳಿದ್ದರೆ, ಅದು ಹಳೆ ಗಾಜು, ಬಹುಶಃ ಕೈಯಲ್ಲಿ ಊದಿ ಮಾಡಿದ್ದು. ಕರಗಿದ ತವರದ ಮೇಲೆ ಗಾಜನ್ನು ಹರಿಸಿ ನುಣುಪಾಗಿಸುವ ವಿಧಾನ ಬಂದದ್ದು 1950ರ ದಶಕದಲ್ಲಿ. ಗಾಜು ನೂರಾರು ವರ್ಷದಲ್ಲಿ ನಿಧಾನವಾಗಿ ಕೆಳಗಿಳಿದು ಬುಡದಲ್ಲಿ ದಪ್ಪಗಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾಡುವಾಗಲೇ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು ಬರುತ್ತಿತ್ತು.

ಕಬ್ಬಿಣದ ಕಂಬವಿದ್ದರೆ ಬುಡದಲ್ಲಿ ಟಾರ್ಚ್ ಬಿಡಿ. ಎರಕ ಹೊಯ್ದ ಕಾರ್ಖಾನೆಯ ಹೆಸರು, ಊರು ಸಿಗಬಹುದು. ಉಕ್ಕಿನ ತೊಲೆಗಳ ಬದಿಯಲ್ಲೂ ಹೆಸರು ಉಬ್ಬಿರುತ್ತದೆ. ಡಾರ್ಮನ್ ಲಾಂಗ್ ಎಂಬ ಹೆಸರು ಕಂಡರೆ, 1932ರಲ್ಲಿ ಸಿಡ್ನಿ ಬಂದರಿನ ಸೇತುವೆ ಕಟ್ಟಿ ಮುಗಿಸಿದ ಕಂಪನಿಯ ಉಕ್ಕು ನಿಮ್ಮ ತಲೆಯ ಮೇಲಿದೆ ಎಂದರ್ಥ.

ಗಡಿಯಾರ ಗೋಪುರ ಹತ್ತುವ ಅವಕಾಶ ಸಿಕ್ಕರೆ ಹೊರಗಿನ ನೋಟಕ್ಕೆ ಮರುಳಾಗಿ ಯಂತ್ರದ ಕೋಣೆಯನ್ನು ಬಿಟ್ಟುಬಿಡಬೇಡಿ. ಯಂತ್ರದ ಮೇಲೆ ಅಂಗೈಯಗಲದ ಇನ್ನೊಂದು ಗಡಿಯಾರ ಇರುತ್ತದೆ, ಕೆಲವು ಕಡೆ ನಿಮಿಷದ ಮುಳ್ಳು ಮಾತ್ರ. ಒಳಗೆ ನಿಂತವನಿಗೆ ಹೊರಗಿನ ದೊಡ್ಡ ಮುಖ ಕಾಣುವುದಿಲ್ಲ ಅಲ್ವಾ? ಸಮಯ ಸರಿ ಮಾಡಲು ಅವನಿಗೆ ಈ ಪುಟ್ಟ ಮುಖವೇ ಗತಿ.

ಯಾರನ್ನು ಏನು ಕೇಳಬೇಕು

ವಿವರಿಸಲು ನಿಂತ ಸ್ವಯಂಸೇವಕರು ಕಟ್ಟಿದ ವರ್ಷ, ವಾಸ್ತುಶಿಲ್ಪಿಯ ಹೆಸರು ಚೆನ್ನಾಗಿ ಹೇಳುತ್ತಾರೆ. ಅದೆಲ್ಲ ಕೈಗೆ ಕೊಟ್ಟ ಹಾಳೆಯಲ್ಲೂ ಇರುತ್ತದೆ. ನೀವು ಹುಡುಕಬೇಕಾದದ್ದು ಆ ಕಟ್ಟಡವನ್ನು ದಿನಾ ನೋಡಿಕೊಳ್ಳುವವರನ್ನು: ವಾಚ್‌ಮನ್, ಎಲೆಕ್ಟ್ರಿಷಿಯನ್, ಗಡಿಯಾರಕ್ಕೆ ಕೀ ಕೊಡುವವರು. ಅವರಿಗೆ ಒಂದೇ ಪ್ರಶ್ನೆ ಹಾಕಿ: 'ಮಳೆ ಬಂದರೆ ಎಲ್ಲಿ ಸೋರುತ್ತದೆ?'

ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಉತ್ತರ ಕೊಡಲು ಅವರು ನಿಮ್ಮನ್ನು ಎಲ್ಲಿಗಾದರೂ ಕರೆದುಕೊಂಡೇ ಹೋಗಬೇಕಾಗುತ್ತದೆ. ಎರಡು ಚಾವಣಿ ಕೂಡುವ ಕಣಿವೆ, ಎಲೆ ಕಟ್ಟಿಕೊಂಡ ನೀರಿನ ಕೊಳವೆ, ಪಾರಿವಾಳ ಗೂಡು ಹಾಕಿದ ಮೂಲೆ. ಹಳೆ ಕಟ್ಟಡ ಹಾಳಾಗುವುದು ಹೆಚ್ಚಾಗಿ ನೀರಿನಿಂದ, ಹಾಗಾಗಿ ಸೋರುವ ಜಾಗ ಗೊತ್ತಾದರೆ ಅರ್ಧ ಕಟ್ಟಡ ಗೊತ್ತಾದಂತೆ. ಸಾಲು ಉದ್ದವಿರುವಾಗ ಮಾತ್ರ ಅವರನ್ನು ತಡೆದು ನಿಲ್ಲಿಸಬೇಡಿ.

ಮುಟ್ಟುವುದು, ಫೋಟೊ, ಮಕ್ಕಳು

ಗಾರೆಯ ಉಬ್ಬು ಚಿತ್ರ, ಗೋಡೆ ಬಣ್ಣ, ಹಳೆ ಬಟ್ಟೆ ಮುಟ್ಟಬೇಡಿ. ಒಬ್ಬರ ಬೆರಳಿನ ಜಿಡ್ಡು ಏನೂ ಅಲ್ಲ, ಆವತ್ತು ಬರುವವರು ಒಬ್ಬರಲ್ಲವಲ್ಲ. ಮೆಟ್ಟಿಲ ಕಂಬಿ, ಬಾಗಿಲ ಹಿಡಿಯನ್ನು ಧಾರಾಳವಾಗಿ ಹಿಡಿದುಕೊಳ್ಳಿ, ಅವು ಇರುವುದೇ ಅದಕ್ಕೆ.

ಫೋಟೊ ತೆಗೆಯಬಹುದೇ ಎಂದು ಬಾಗಿಲಲ್ಲೇ ಕೇಳಿ. ಫ್ಲ್ಯಾಶ್, ಟ್ರೈಪಾಡ್ ಬಹುತೇಕ ಕಡೆ ಬೇಡ. ಜನ ವಾಸವಿರುವ ಮನೆಯಾದರೆ ಅವರ ಮೇಜಿನ ಮೇಲಿನ ಕಾಗದ, ಕುಟುಂಬದ ಚಿತ್ರ ನಿಮ್ಮ ಫೋಟೊದಲ್ಲಿ ಬರದಿರಲಿ. ಕಚೇರಿಯಾದರೂ ಅಷ್ಟೇ. ಫೋಟೊ ತೆಗೆದರೆ ಕೋಣೆಯದ್ದೊಂದು, ಒಂದು ಚಿಕ್ಕ ವಿವರದ್ದೊಂದು ತೆಗೆಯಿರಿ. ಬಾಗಿಲ ತಿರುಗುಣಿಯ ಫೋಟೊ ಆಮೇಲೆ ನೋಡಲು ಇಡೀ ಹಜಾರದ ಫೋಟೊಗಿಂತ ಚೆನ್ನಾಗಿರುತ್ತದೆ.

ಮಕ್ಕಳಿಗೆ ಇತಿಹಾಸ ಹೇಳಲು ಹೋಗಬೇಡಿ. ಕೆಲಸ ಕೊಡಿ: ಗೋಡೆಯ ಮೇಲೆ ಎಷ್ಟು ಪ್ರಾಣಿಗಳ ಕೆತ್ತನೆ ಇದೆ, ಇಸವಿ ಬರೆದ ಕಲ್ಲು ಎಲ್ಲಿದೆ. ಇಸವಿ ಸಿಕ್ಕರೆ ಮಾತ್ರ ಒಂದು ಎಚ್ಚರ. ಕೆಲವು ಸಲ ಅದು ಕಟ್ಟಿದ ವರ್ಷವಲ್ಲ, ಅಡಿಗಲ್ಲು ಹಾಕಿದ ವರ್ಷ ಅಥವಾ ದುರಸ್ತಿಯ ವರ್ಷ.

ಮುಂದಿನ ವರ್ಷಕ್ಕೆ

ಸಾಲಿನಲ್ಲಿ ನಿಲ್ಲುವುದು ಬೇಡ ಅನಿಸಿದರೆ ಇನ್ನೊಂದು ದಾರಿ ಇದೆ: ಸ್ವಯಂಸೇವಕರಾಗಿ. ಒಂದು ಹೊತ್ತು ಬಾಗಿಲಲ್ಲಿ ನಿಂತು ಜನರನ್ನು ಎಣಿಸಿ ಒಳಗೆ ಬಿಡುವುದು, ದಾರಿ ತೋರಿಸುವುದು, ಇಷ್ಟೇ ಕೆಲಸ. ಬದಲಿಗೆ ಲಂಡನ್, ನ್ಯೂಯಾರ್ಕ್‌ನಂಥ ಕಡೆ ಸ್ವಯಂಸೇವಕರಿಗೆ ಬೇರೆ ಕಟ್ಟಡಗಳಲ್ಲಿ ಸಾಲು ತಪ್ಪಿಸಿ ಒಳಗೆ ಹೋಗುವ ಸೌಲಭ್ಯ ಇದೆ. ನಿಮ್ಮ ಪಾಳಿಯ ಕಟ್ಟಡವನ್ನು ಜನ ಬರುವ ಮೊದಲೇ, ಖಾಲಿ ಇರುವಾಗ ನೋಡಬಹುದು. ಸ್ವಯಂಸೇವಕರಿಗೆ ಕರೆ ಬರುವುದು ಕಾರ್ಯಕ್ರಮಕ್ಕೆ ಸಾಕಷ್ಟು ಮೊದಲೇ, ಆದ್ದರಿಂದ ಈ ಸಲ ಹೋದಾಗಲೇ ಆಯೋಜಕರ ಬಳಿ ಹೆಸರು ಬರೆಸಿ ಬನ್ನಿ.