ಬೋರ್ಡ್ ಇಲ್ಲದ ಹೋಂಸ್ಟೇಗಳನ್ನು ಲೆಕ್ಕಕ್ಕೆ ತಂದ ಬಗೆ

ಮಡಿಕೇರಿಯಿಂದ ಗಾಳಿಬೀಡು ಕಡೆಗೆ ಹೋಗುವ ದಾರಿಯಲ್ಲಿ ಒಂದು ಮನೆ. ಜುಲೈ ತಿಂಗಳು, ಮಳೆ ಬಿಡದೆ ಹೊಡೆಯುತ್ತಿತ್ತು. ಟ್ಯಾಬ್ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಜಗಲಿ ಹತ್ತಿದೆ.

"ಮನೆಯಲ್ಲಿ ಏನಾದ್ರೂ ಉದ್ಯಮ, ವ್ಯಾಪಾರ ಇದೆಯಾ ಅಕ್ಕಾ?"

"ಇಲ್ಲಮ್ಮ, ತೋಟ ಮಾತ್ರ."

ಇಲ್ಲ ಅಂತ ಬರೆದುಕೊಂಡೆ. ಕೊಟ್ಟ ಕಾಫಿ ಕುಡಿದು ಗೇಟು ದಾಟುವಷ್ಟರಲ್ಲಿ ಬೆಂಗಳೂರಿನ ಕಾರೊಂದು ಬಂದು ನಿಂತಿತು. ಒಳಗಿದ್ದ ಹುಡುಗ ಮೊಬೈಲ್‌ನಲ್ಲಿ ಮ್ಯಾಪ್ ಹಿಡಿದು "ಹೋಂಸ್ಟೇ ಇದೇನಾ ಮೇಡಂ?" ಅಂತ ಕೇಳಿದ.

ನಾನು ಅಂಕಿಅಂಶದ ಸರ್ವೆಗಳಿಗೆ ಮನೆಮನೆಗೆ ಹೋಗಿ ಮಾಹಿತಿ ತರುವವಳು. ಅವತ್ತು ಮಾಡುತ್ತಿದ್ದುದು ಕಂಪನಿಯಾಗಿ ನೋಂದಾಯಿಸದ ಸಣ್ಣ ಉದ್ಯಮಗಳ ಸರ್ವೆ. ಬೇಸಾಯ ಇದರಲ್ಲಿ ಬರುವುದಿಲ್ಲ. ತಯಾರಿಕೆ, ವ್ಯಾಪಾರ, ಉಳಿದ ಸೇವೆಗಳು ಬರುತ್ತವೆ. ಮೊದಲು 2010-11ರಲ್ಲಿ ಒಮ್ಮೆ, 2015-16ರಲ್ಲಿ ಒಮ್ಮೆ ನಡೆದಿತ್ತು. 2021-22ರಿಂದ ವಾರ್ಷಿಕ ಸರ್ವೆ ಆಗಿದೆ. ದೇಶದ ಜಿಡಿಪಿಯಲ್ಲಿ ಇಂಥ ಮನೆಗಳ ದುಡಿಮೆ ಎಷ್ಟು ಅಂತ ಅಂದಾಜು ಮಾಡುವುದಕ್ಕೆ ಈ ಮಾಹಿತಿ ಬೇಕು.

ಆ ಅಕ್ಕ ಸುಳ್ಳು ಹೇಳಿರಲಿಲ್ಲ. ಅವರಿಗೆ ಉದ್ಯಮ ಅಂದರೆ ಶಟರ್ ಇರುವ ಅಂಗಡಿ. ಮಕ್ಕಳು ಊರು ಬಿಟ್ಟ ಮೇಲೆ ಖಾಲಿ ಬಿದ್ದ ಎರಡು ಕೋಣೆಯನ್ನು ಆ್ಯಪ್‌ನಲ್ಲಿ ಹಾಕಿದ್ದು ಅವರ ಲೆಕ್ಕದಲ್ಲಿ "ಗೆಸ್ಟ್ ಬರೋದು", ಅಷ್ಟೆ. ತಪ್ಪು ನನ್ನ ಪ್ರಶ್ನೆಯದ್ದು. ಹಳ್ಳಿಯ ಮನೆಗಳನ್ನೆಲ್ಲ ಪಟ್ಟಿ ಮಾಡುವಾಗ ಒಂದು ಸಲ 'ಇಲ್ಲ' ಅಂತ ಬಿದ್ದರೆ ಮುಗಿಯಿತು. ಆ ಪಟ್ಟಿಯಿಂದಲೇ ತಾನೇ ಮುಂದೆ ಉದ್ಯಮಗಳನ್ನು ಆರಿಸುವುದು. ತೆರಿಗೆ ದಾಖಲೆಯಲ್ಲಿ ಹುಡುಕೋಣ ಅಂದರೆ ಅಲ್ಲೂ ಸಿಗುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಇಂಥವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆ್ಯಪ್ ಮೂಲಕ ಕೋಣೆ ಕೊಟ್ಟರೆ ಆ ತೆರಿಗೆಯನ್ನು ಆ್ಯಪ್ ಕಂಪನಿಯೇ ಕಟ್ಟುತ್ತದೆ. ಅಲ್ಲಿಗೆ ಈ ಮನೆ ಜಿಎಸ್‌ಟಿ ಕಾಗದದಲ್ಲೂ ಇಲ್ಲ.

ಮರುದಿನ ಅದೇ ಮನೆಗೆ ವಾಪಸ್ ಹೋದೆ. ಆ ಹಳ್ಳಿಯಲ್ಲಿ ಹಿಂದೆ 'ಇಲ್ಲ' ಬರೆದ ಮನೆಗಳಿಗೂ ಹೋದೆ. ಈ ಸಲ ಉದ್ಯಮ ಅನ್ನುವ ಪದವನ್ನೇ ಎತ್ತಲಿಲ್ಲ. "ದುಡ್ಡು ಕೊಟ್ಟು ಉಳಿದುಕೊಳ್ಳುವವರು ಯಾರಾದ್ರೂ ಬರ್ತಾರಾ? ಜೀಪು, ಕಾರು ಬಾಡಿಗೆಗೆ ಕಳಿಸ್ತೀರಾ?" ಅಂತ ಕೇಳಿದೆ. ಬಾಗಿಲು ಬಾಗಿಲಲ್ಲಿ ಉತ್ತರ ಬದಲಾಯಿತು.

ಆಮೇಲಿನ ಕಷ್ಟ ದುಡ್ಡಿನದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಗೆಸ್ಟ್ 4,000 ರೂಪಾಯಿ ಕೊಟ್ಟರು, ಆ್ಯಪ್ 600 ಕಮಿಷನ್ ಹಿಡಿಯಿತು, ಮನೆಯವರ ಖಾತೆಗೆ 3,400 ಬಂತು ಅಂದುಕೊಳ್ಳಿ. "ನಿಮಗೆ ಎಷ್ಟು ಬಂತು?" ಅಂತ ಕೇಳಿದರೆ ಎಲ್ಲರೂ ಹೇಳುವುದು 3,400. ಅದನ್ನು ಆದಾಯ ಅಂತ ಬರೆದು, ಖರ್ಚಿನ ಪುಟದಲ್ಲಿ ಮತ್ತೆ 600 ಕಮಿಷನ್ ಬರೆದರೆ ಒಂದೇ ದುಡ್ಡನ್ನು ಎರಡು ಸಲ ಕಳೆದ ಹಾಗಾಯಿತು. 4,000 ಬರೆದು ಕಮಿಷನ್ ಮರೆತರೆ ಆ ಮನೆ 600 ಜಾಸ್ತಿ ದುಡಿದ ಹಾಗೆ ಕಾಣುತ್ತದೆ. ಸರಿಯಾದ ದಾರಿ ಒಂದೇ: ಆದಾಯ 4,000, ಖರ್ಚಿನಲ್ಲಿ 600. ಆ 600 ಆ್ಯಪ್ ಕಂಪನಿಯ ಗಳಿಕೆ. ಕಂಪನಿ ವಿದೇಶದ್ದಾದರೆ ಅದು ನಮ್ಮ ದೇಶ ಹೊರಗಿನಿಂದ ಕೊಂಡ ಸೇವೆ, ನಮ್ಮ ಜಿಡಿಪಿಗೆ ಸೇರುವುದಿಲ್ಲ. ಹಾಗಾಗಿ ನಾನು ಈಗ "ಗೆಸ್ಟ್ ಎಷ್ಟು ಕೊಟ್ಟರು?" ಅಂತಲೇ ಶುರು ಮಾಡುತ್ತೇನೆ. ಎರಡನೆಯ ಪ್ರಶ್ನೆ, "ನಿಮ್ಮ ಕೈಗೆ ಎಷ್ಟು ಸಿಕ್ಕಿತು?"

ಮಾಂದಲಪಟ್ಟಿ ಬೆಟ್ಟಕ್ಕೆ ಹೋಗುವ ಜೀಪಿನ ಬಾಡಿಗೆಯನ್ನು ಎಷ್ಟೋ ಮನೆಯವರು ಕೋಣೆಯ ದುಡ್ಡಿನ ಜೊತೆಗೇ ವಸೂಲಿ ಮಾಡಿ ಡ್ರೈವರ್‌ಗೆ ಕೊಡುತ್ತಾರೆ. ಅದು ಡ್ರೈವರ್ ಲೆಕ್ಕಕ್ಕೆ ಹೋಗಬೇಕು, ಮನೆಯದ್ದಕ್ಕಲ್ಲ.

ಕೆಲಸದವರ ಲೆಕ್ಕ ಇನ್ನೂ ತೊಡಕು. ಲೈನ್ ಮನೆಯಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಯಿಂದ, ಬರುವ ಹೆಂಗಸು ಬೆಳಿಗ್ಗೆ ಎರಡು ಗಂಟೆ ಹೊತ್ತು ಗೆಸ್ಟ್ ಕೋಣೆ ಗುಡಿಸಿ, ಬೆಡ್‌ಶೀಟ್ ಒಗೆದು, ಆಮೇಲೆ ತೋಟದ ಕೆಲಸಕ್ಕೆ ಹೋಗುತ್ತಾಳೆ. ಕೂಲಿ ಮಾತ್ರ ಒಂದೇ, ಅದೂ ತೋಟದ ಹೆಸರಲ್ಲಿ. ತೋಟ ನಮ್ಮ ಸರ್ವೆಗೆ ಬರುವುದಿಲ್ಲ, ಕೋಣೆ ಬರುತ್ತದೆ. ನಾನು ಗಂಟೆ ಕೇಳಿಕೊಂಡು ಕೂಲಿಯನ್ನು ಭಾಗ ಮಾಡಿದೆ. ಅಡುಗೆಗೆ ಬಳಸಿದ ಮನೆಯದೇ ಕಾಳುಮೆಣಸು, ಅಕ್ಕಿ ಇವಕ್ಕೂ ಬೆಲೆ ಕಟ್ಟಬೇಕು. "ಅದು ನಮ್ಮದೇ ಅಲ್ವಾ, ಅದಕ್ಕೆಂಥ ದುಡ್ಡು?" ಅಂತ ಅಕ್ಕ ನಕ್ಕರು.

ಸರ್ವೆಯಲ್ಲಿ ಹೆಚ್ಚಿನ ಪ್ರಶ್ನೆಗಳು ಹಿಂದಿನ ಒಂದು ತಿಂಗಳಿಗೆ ಸೇರಿದವು. ಕೊಡಗಿನಲ್ಲಿ ಜುಲೈಯ ತಿಂಗಳೂ ಡಿಸೆಂಬರಿನ ತಿಂಗಳೂ ಒಂದೇ ಅಲ್ಲ. ಸರ್ವೆಯನ್ನು ವರ್ಷವಿಡೀ ಹಂಚಿ ಮಾಡುವುದು ಅದಕ್ಕೇ. ಆದರೂ ತಿಂಗಳ ಲೆಕ್ಕ ಯಾರು ಬರೆದಿಡುತ್ತಾರೆ? ಆ ಅಕ್ಕ ಬರೆದಿಟ್ಟಿದ್ದರು! ಅಡುಗೆಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನದ ಪಕ್ಕದಲ್ಲೇ, ನೀಲಿ ಪೆನ್ನಿನಲ್ಲಿ "2", "4", "3+ಮಗು". ಆ ಹಾಳೆ ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಯುರೋಪಿನಲ್ಲಿ ಅಲ್ಲಿನ ಒಕ್ಕೂಟದ ಅಂಕಿಅಂಶ ಕಚೇರಿ ಯುರೋಸ್ಟಾಟ್ 2020ರಲ್ಲಿ ಏರ್‌ಬಿಎನ್‌ಬಿ, ಬುಕಿಂಗ್, ಎಕ್ಸ್‌ಪೀಡಿಯಾ, ಟ್ರಿಪ್‌ಅಡ್ವೈಸರ್ ಜೊತೆ ಒಪ್ಪಂದ ಮಾಡಿಕೊಂಡು, ಎಷ್ಟು ರಾತ್ರಿ ಎಷ್ಟು ಜನ ತಂಗಿದರು ಅನ್ನುವ ಲೆಕ್ಕವನ್ನು ನೇರವಾಗಿ ಅವರಿಂದಲೇ ಪಡೆಯುತ್ತಿದೆ. ಅಂಥ ಲೆಕ್ಕ ನಮ್ಮ ಕೈಗೂ ಬಂದರೆ ನಾನು ತರುವುದನ್ನು ಅದರ ಪಕ್ಕ ಇಟ್ಟು ನೋಡಬಹುದು. ಆದರೆ ಫೋನ್ ಮಾಡಿ ನೇರವಾಗಿ ಬರುವ ಗೆಸ್ಟ್‌ಗಳು ಅದರಲ್ಲಿ ಇರುವುದಿಲ್ಲ. ನಮ್ಮ ಕಡೆ ಒಂದು ಸಲ ಬಂದು ಹೋದವರು ಮುಂದಿನ ಸಲ ಆ್ಯಪ್ ಬಿಟ್ಟು ನೇರವಾಗಿ ಫೋನ್ ಮಾಡುವುದೇ ಜಾಸ್ತಿ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಒಂದು ಐನ್‌ಮನೆಯ (ಕೊಡವರ ಹಿರಿಯರ ಕಾಲದ ಕುಟುಂಬದ ಮನೆ) ಪಕ್ಕದ ಕಾಟೇಜ್. ನೋಡಿಕೊಳ್ಳುವವರು ವಯಸ್ಸಾದ ಮಾವ. ಆ್ಯಪ್ ಖಾತೆ ಬೆಂಗಳೂರಿನಲ್ಲಿರುವ ಅಳಿಯನ ಹೆಸರಲ್ಲಿ, ದುಡ್ಡೂ ಅಲ್ಲಿಗೇ. ಕೆಲಸ ನಡೆಯುವುದು ಇಲ್ಲಿ, ಆದ್ದರಿಂದ ಲೆಕ್ಕವೂ ಇಲ್ಲೇ ಸೇರಬೇಕು. ಆದರೆ ಮಾವನಿಗೆ ಆದಾಯ ಎಷ್ಟು ಅಂತಲೇ ಗೊತ್ತಿಲ್ಲ. ಅವರ ಫೋನಿನಿಂದಲೇ ಅಳಿಯನ ಜೊತೆ ಮಾತಾಡಿದೆ. "ಇದು ಟ್ಯಾಕ್ಸ್‌ನವರಿಗಲ್ಲ ತಾನೇ?" ಅಂದರು. ಈ ಮಾಹಿತಿಯನ್ನು ಅಂಕಿಅಂಶಕ್ಕೆ ಮಾತ್ರ ಬಳಸಬೇಕು ಅಂತ 2008ರ ಅಂಕಿಅಂಶ ಸಂಗ್ರಹಣೆ ಕಾಯ್ದೆಯೇ ಹೇಳುತ್ತದೆ, ನಿಮ್ಮ ಹೆಸರು ಹೊರಗೆ ಬರುವುದಿಲ್ಲ ಅಂತ ವಿವರಿಸಿದೆ. ಎರಡು ದಿನ ಬಿಟ್ಟು ಮಾವನ ವಾಟ್ಸಾಪ್‌ಗೆ ತಿಂಗಳ ಬುಕಿಂಗ್ ಪಟ್ಟಿ ಬಂತು. ಕಮಿಷನ್ ಬೇರೆ, ಬಾಡಿಗೆ ಬೇರೆ, ಸಾಲಾಗಿ ಇತ್ತು. ಜಗಲಿಯಲ್ಲೇ ಕೂತು ಒಂದೊಂದಾಗಿ ಟ್ಯಾಬ್‌ಗೆ ತುಂಬಿದೆ. ಮಾವ ಪಕ್ಕದಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಪ್ರತಿ ಅಂಕಿಯನ್ನೂ ನನ್ನ ಜೊತೆ ಗಟ್ಟಿಯಾಗಿ ಓದಿದರು.