ಇ.ಆರ್. ರಿಪೋರ್ಟು ಶುರುವಾಗುವುದು ಆಪರೇಷನ್ ಥಿಯೇಟರಿನಲ್ಲಿ

ನಾನು ಹಾಸನದಲ್ಲಿ ಪೆಥಾಲಜಿಸ್ಟ್, ಮೈಯಿಂದ ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಗುರುತಿಸುವ ಡಾಕ್ಟರು. ಸಕಲೇಶಪುರ, ಬೇಲೂರು, ಅರಕಲಗೂಡು, ಹೊಳೆನರಸೀಪುರದ ಕಡೆ ತೆಗೆದ ಸ್ತನದ ಗಡ್ಡೆಗಳು ನನ್ನ ಮೇಜಿಗೆ ಬರುತ್ತವೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳಿದರೆ ಅರ್ಧ ಕೆಲಸ ಮುಗಿಯಿತು. ಅದು ಎಂಥ ಕ್ಯಾನ್ಸರ್, ಯಾವ ಔಷಧಿಗೆ ಬಗ್ಗುತ್ತದೆ ಎನ್ನುವುದು ಉಳಿದರ್ಧ.

"ಗಡ್ಡೆ ತೆಗೆದಾಯ್ತಲ್ಲ ಮೇಡಂ, ಮತ್ಯಾಕೆ ಟೆಸ್ಟು?" ಎಂದು ಮನೆಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಎಷ್ಟೋ ಸ್ತನ ಕ್ಯಾನ್ಸರುಗಳು ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. ಅದನ್ನು ಹಿಡಿದುಕೊಳ್ಳುವ ಈಸ್ಟ್ರೋಜನ್ ರಿಸೆಪ್ಟರ್ (ಇ.ಆರ್.) ಕ್ಯಾನ್ಸರ್ ಜೀವಕಣಗಳಲ್ಲಿ ಇದ್ದರೆ ಇ.ಆರ್. ಪಾಸಿಟಿವ್. ಅಂಥವರಿಗೆ ಟಮಾಕ್ಸಿಫೆನ್ ಮಾತ್ರೆ ಕೆಲಸ ಮಾಡುತ್ತದೆ. ಮುಟ್ಟು ನಿಂತವರಿಗೆ ಲೆಟ್ರೊಜೋಲ್ ಕೊಡಬಹುದು. 5 ವರ್ಷ ಟಮಾಕ್ಸಿಫೆನ್ ತೆಗೆದುಕೊಂಡ ಇ.ಆರ್. ಪಾಸಿಟಿವ್ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಹಳೆಯ ಮಾತ್ರೆ, ಬೆಲೆಯೂ ಕಡಿಮೆ. ಕಾಫಿ ತೋಟದಲ್ಲಿ ಕೂಲಿಗೆ ಹೋಗುವವರ ಕೈಗೂ ಎಟುಕುತ್ತದೆ. ಇ.ಆರ್. ಇದ್ದೂ ರಿಪೋರ್ಟಿನಲ್ಲಿ ನೆಗೆಟಿವ್ ಎಂದು ಬಂದರೆ ಈ ಮಾತ್ರೆಯನ್ನು ಯಾರೂ ಬರೆದುಕೊಡುವುದಿಲ್ಲ. ನನ್ನ ನಿದ್ದೆ ಕೆಡಿಸುವುದು ಇದೇ.

ಒಮ್ಮೆ ಮಲೆನಾಡಿನ ಕಡೆಯ ಒಂದು ಸಣ್ಣ ಆಸ್ಪತ್ರೆಯಿಂದ ಇಡೀ ಸ್ತನದ ಸ್ಪೆಸಿಮನ್ ಬಂತು. ಶನಿವಾರ ಆಪರೇಷನ್ ಆಗಿತ್ತು. ಸೋಮವಾರ ರೋಗಿಯ ತಮ್ಮ ಅದನ್ನು ಬಸ್ಸಿನಲ್ಲಿ ತಂದಿದ್ದರು. ಬಾಯಿ ಕಿರಿದಾದ ಪ್ಲಾಸ್ಟಿಕ್ ಡಬ್ಬಿಗೆ ತುರುಕಿದ್ದರು. ತಳದಲ್ಲಿ ಒಂದಿಷ್ಟು ಫಾರ್ಮಾಲಿನ್ (ಮಾಂಸ ಕೆಡದಂತೆ ಹಿಡಿದಿಡುವ ದ್ರವ), ಅಷ್ಟೇ. ಕೊಯ್ದು ನೋಡಿದೆ. ಹೊರಗಿನ ಅಂಚು ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಒಳಗೆ ಇನ್ನೂ ಕೆಂಪಗೆ, ಮೆತ್ತಗೆ, ವಾಸನೆ ಬೇರೆ. ಫಾರ್ಮಾಲಿನ್ ಮಾಂಸದೊಳಗೆ ಇಳಿಯುವುದು ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಸ್ತನದಲ್ಲಿ ಕೊಬ್ಬು ಜಾಸ್ತಿ, ಅಲ್ಲಿ ಇನ್ನೂ ನಿಧಾನ. ಅದು ನಡುವಿನ ಗಡ್ಡೆಯನ್ನು ಮುಟ್ಟುವ ಹೊತ್ತಿಗೆ ರಿಸೆಪ್ಟರ್ ಕೆಟ್ಟುಹೋಗಿರುತ್ತದೆ.

ಗಡ್ಡೆಯ ಅಂಚಿನಿಂದ ಒಂದು ಬ್ಲಾಕ್ (ಮೇಣದಲ್ಲಿ ಹುದುಗಿಸಿದ ತುಂಡು), ನಡುವಿನಿಂದ ಒಂದು ಬ್ಲಾಕ್ ಮಾಡಿಸಿದೆ. ಎರಡರ ಸ್ಲೈಡಿಗೂ ಇ.ಆರ್. ಬಣ್ಣ ಹಾಕಿಸಿದೆ, ರಿಸೆಪ್ಟರ್ ಇದ್ದಲ್ಲಿ ಕಂದು ಕಾಣುತ್ತದೆ. ಅಂಚಿನ ಸ್ಲೈಡಿನಲ್ಲಿ ಬಹುತೇಕ ಎಲ್ಲ ಕಣಗಳ ನ್ಯೂಕ್ಲಿಯಸ್ ಕಡು ಕಂದು. ನಡುವಿನದರಲ್ಲಿ ಬರೀ ನೀಲಿ, ಒಂದೂ ಬಣ್ಣ ಹಿಡಿದಿಲ್ಲ. ಒಬ್ಬರದೇ ಗಡ್ಡೆ, ಎರಡು ಉತ್ತರ! ನಡುವಿನ ಬ್ಲಾಕನ್ನಷ್ಟೇ ನೋಡಿದ್ದರೆ ಆಕೆಗೆ ಮಾತ್ರೆ ತಪ್ಪುತ್ತಿತ್ತು. ಅಂಚಿನ ಬ್ಲಾಕಿನ ಮೇಲೆ ಪಾಸಿಟಿವ್ ಎಂದು ಬರೆದೆ. ಸ್ಪೆಸಿಮನ್ ಯಾವ ಸ್ಥಿತಿಯಲ್ಲಿ ಬಂತು ಎಂಬುದನ್ನೂ ರಿಪೋರ್ಟಿನಲ್ಲೇ ನಮೂದಿಸಿದೆ.

ಆಮೇಲೆ ನಾವು ಡಬ್ಬಿಗಳನ್ನು ಇಲ್ಲಿಂದಲೇ ಕಳಿಸಲು ಶುರು ಮಾಡಿದೆವು. ಅಗಲ ಬಾಯಿಯ ಡಬ್ಬಿ, ಅದರೊಳಗೆ 10% ಬಫರ್ಡ್ ಫಾರ್ಮಾಲಿನ್. ಸುಮ್ನೆ ನಲ್ಲಿ ನೀರು ಬೆರೆಸಿಟ್ಟ ಫಾರ್ಮಾಲಿನ್ ದಿನ ಕಳೆದಂತೆ ಆಸಿಡ್ ಆಗುತ್ತದೆ, ಅದು ಬೇಡ. ಸ್ಪೆಸಿಮನ್ನಿನ ಹತ್ತು ಪಟ್ಟಾದರೂ ದ್ರವ ಇರಬೇಕು. ಡಬ್ಬಿಯ ಮೇಲೆ ಎರಡು ಖಾಲಿ ಜಾಗ ಬಿಟ್ಟ ಚೀಟಿ: ಮೈಯಿಂದ ತೆಗೆದ ಹೊತ್ತು, ಫಾರ್ಮಾಲಿನ್‌ಗೆ ಹಾಕಿದ ಹೊತ್ತು. ಎರಡರ ನಡುವೆ 1 ಗಂಟೆ ದಾಟಬಾರದು. ಒಟ್ಟು 6ರಿಂದ 72 ಗಂಟೆಯೊಳಗೆ ಫಾರ್ಮಾಲಿನ್‌ನಲ್ಲಿ ಇರಬೇಕು. ಇಡೀ ಸ್ತನ ತೆಗೆದಿದ್ದರೆ ಹಿಂಭಾಗದಿಂದ ಗಡ್ಡೆಯ ತನಕ ಒಂದು ಕೊಯ್ತ ಹಾಕಿ ಎಂದು ಸರ್ಜನ್‌ಗಳನ್ನು ಕೇಳಿಕೊಂಡೆ. ಗಡ್ಡೆ ಮಾತ್ರ ತೆಗೆದಿದ್ದರೆ ಕೊಯ್ಯುವುದು ಬೇಡ, ಕ್ಯಾನ್ಸರ್ ಪೂರ್ತಿ ಹೋಗಿದೆಯೇ ಎಂದು ನೋಡುವ ಅಂಚು ಗುರುತು ಸಿಗದೆ ಹೋಗುತ್ತದೆ. ದಿಕ್ಕು ತಿಳಿಯಲು ಮೇಲಕ್ಕೆ ಗಿಡ್ಡ ದಾರ, ಹೊರಪಕ್ಕಕ್ಕೆ ಉದ್ದ ದಾರ ಕಟ್ಟಿ ಅವತ್ತೇ ಕಳಿಸಿ ಎಂದೆ. ಇದಕ್ಕೆ ಸಿಸ್ಟರ್‌ಗಳೇ ಮೊದಲು ಒಗ್ಗಿಕೊಂಡರು. ಈಗ ಹೊತ್ತು ಬರೆಯದ ಡಬ್ಬಿ ಬಂದರೆ ನಮ್ಮ ಟೆಕ್ನಿಷಿಯನ್ ಅಲ್ಲಿಂದಲೇ ಫೋನ್ ಹಚ್ಚುತ್ತಾರೆ.

ಆಪರೇಷನ್‌ಗೆ ಮುಂಚೆ ಸೂಜಿ ಬಯಾಪ್ಸಿ ಮಾಡಿಸಿದ್ದರೆ ಇ.ಆರ್., ಪಿ.ಆರ್. (ಪ್ರೊಜೆಸ್ಟರಾನ್ ಹಾರ್ಮೋನಿನ ರಿಸೆಪ್ಟರ್), ಹರ್-ಟು (ಕ್ಯಾನ್ಸರ್ ಬೆಳೆಯಲು ಬಲ ಕೊಡುವ ಒಂದು ಪ್ರೋಟೀನ್) ಟೆಸ್ಟುಗಳನ್ನು ಅದರ ಮೇಲೆ ಮಾಡುವುದೇ ನನಗೆ ಇಷ್ಟ. ದಾರದಷ್ಟು ತೆಳು ತುಂಡು, ಫಾರ್ಮಾಲಿನ್ ಬೇಗ ಒಳಗಿಳಿಯುತ್ತದೆ.

ಸ್ಲೈಡ್ ಬಂದಾಗ ನಾನು ಮೊದಲು ಕ್ಯಾನ್ಸರ್ ನೋಡುವುದಿಲ್ಲ. ಪಕ್ಕದಲ್ಲಿರುವ, ಕ್ಯಾನ್ಸರ್ ಇಲ್ಲದ ಹಾಲಿನ ನಾಳಗಳನ್ನು ಹುಡುಕುತ್ತೇನೆ. ಅವುಗಳಲ್ಲಿ ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ ಕಂದು ಇರಲೇಬೇಕು. ಅವೂ ನೀಲಿಯಾಗಿದ್ದರೆ ಟೆಸ್ಟೇ ನಡೆದಿಲ್ಲ ಎಂದರ್ಥ. ಆಗ ನೆಗೆಟಿವ್ ಎಂದು ಬರೆಯುವ ಹಕ್ಕು ನನಗಿಲ್ಲ. ಬೇರೆ ಬ್ಲಾಕಿನ ಮೇಲೆ ಮತ್ತೆ ಹಾಕಿಸುತ್ತೇನೆ. ನಾಳಗಳು ಸರಿಯಿದ್ದರೆ ಆಮೇಲೆ ಎಣಿಕೆ. ಕ್ಯಾನ್ಸರ್ ಕಣಗಳಲ್ಲಿ ನೂರಕ್ಕೆ ಒಂದು ಬಣ್ಣ ಹಿಡಿದರೂ ಪಾಸಿಟಿವ್. 1ರಿಂದ 10% ಇದ್ದರೆ ಲೋ ಪಾಸಿಟಿವ್ ಎಂದು ಬೇರೆಯಾಗಿ ಬರೆಯುತ್ತೇನೆ, ಅಂಥವರಿಗೆ ಮಾತ್ರೆಯ ಲಾಭ ಎಷ್ಟೆಂದು ಡಾಕ್ಟರು ತೂಗಿ ನೋಡಬೇಕಾಗುತ್ತದೆ.

ಇ.ಆರ್. ಒಂದನ್ನೇ ನಂಬಿ ಕೂರಲು ಆಗುವುದಿಲ್ಲ. ಗಡ್ಡೆಯ ಗ್ರೇಡನ್ನು ಜೊತೆಗಿಟ್ಟು ನೋಡಬೇಕು. ಕಣಗಳು ನಾಳದ ಆಕಾರ ಎಷ್ಟು ಉಳಿಸಿಕೊಂಡಿವೆ, ನ್ಯೂಕ್ಲಿಯಸ್ ಎಷ್ಟು ವಿಕಾರವಾಗಿದೆ, ಎಷ್ಟು ಕಣಗಳು ಒಡೆದು ಎರಡಾಗುತ್ತಿವೆ, ಈ ಮೂರಕ್ಕೂ ಒಂದರಿಂದ ಮೂರರ ತನಕ ಅಂಕ. ಒಟ್ಟು 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಬಂದರೆ ಗ್ರೇಡ್ 3. ಗ್ರೇಡ್ 1 ಗಡ್ಡೆ, ಲೋಬ್ಯುಲರ್ ಎಂಬ ಬಗೆಯ ಗಡ್ಡೆ ಸಾಮಾನ್ಯವಾಗಿ ಇ.ಆರ್. ಪಾಸಿಟಿವ್ ಇರುತ್ತವೆ. ಅಂಥದ್ದರಲ್ಲಿ ನೆಗೆಟಿವ್ ಬಂದರೆ ನಾನು ನಂಬುವುದಿಲ್ಲ, ಮತ್ತೆ ಮಾಡಿಸುತ್ತೇನೆ. ಗ್ರೇಡ್ 3ರಲ್ಲಿ ಇ.ಆರ್., ಪಿ.ಆರ್., ಹರ್-ಟು ಮೂರೂ ನೆಗೆಟಿವ್ ಬಂದರೆ ಅದು ನಿಜ ಇರಬಹುದು. ಆಗ ಕೀಮೋ ಬಗ್ಗೆ ತಡಮಾಡದೆ ಮಾತಾಡಬೇಕು.

ಹರ್-ಟು ಬಣ್ಣಕ್ಕೆ 0ರಿಂದ 3+ ತನಕ ಅಂಕ, ಅದರಲ್ಲಿ ಕಷ್ಟ ಕೊಡುವುದು 2+. 3+ ಅಂದರೆ ಪಾಸಿಟಿವ್, 0 ಮತ್ತು 1+ ಅಂದರೆ ನೆಗೆಟಿವ್. 2+ ಬಂದರೆ ಹರ್-ಟು ಜೀನ್ ಹೆಚ್ಚಿದೆಯೇ ಎಂದು ಎಣಿಸುವ ಫಿಶ್ ಟೆಸ್ಟ್ ಆಗಲೇಬೇಕು, ನಮ್ಮಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ಖರ್ಚಿಗೆ ಹೆದರಿ ಬಿಟ್ಟುಬಿಡುವವರು ಇದ್ದಾರೆ. ಅವರ ಮನೆಯವರನ್ನು ಕೂರಿಸಿಕೊಂಡು ಮಾತಾಡುತ್ತೇನೆ. ಹರ್-ಟು ತಡೆಯುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಬೇಕೋ ಬೇಡವೋ ಎಂಬುದು ಆ ಟೆಸ್ಟಿನಿಂದಲೇ ಗೊತ್ತಾಗಬೇಕು.

ರಿಪೋರ್ಟ್ ಕೊಡುವಾಗ ಇನ್ನೊಂದು ಮಾತು ಹೇಳಿ ಕಳಿಸುತ್ತೇನೆ. ಕಿದ್ವಾಯಿಗೋ ಬೇರೆಲ್ಲಿಗೋ ಹೋಗುವ ಮುಂಚೆ ಸ್ಲೈಡಿನ ಜೊತೆ ಮೇಣದ ಬ್ಲಾಕನ್ನೂ ಕೇಳಿ ತೆಗೆದುಕೊಂಡು ಹೋಗಿ. ಅಲ್ಲಿಯವರಿಗೆ ಅನುಮಾನ ಬಂದರೆ ಅದರ ಮೇಲೆ ಮತ್ತೆ ಟೆಸ್ಟ್ ಮಾಡಬಹುದು. ದಾರಿಯಲ್ಲಿ ಕಾರಿನ ಗಾಜಿನ ಹಿಂದೆ ಬಿಸಿಲಿಗೆ ಮಾತ್ರ ಇಡಬೇಡಿ, ಮೇಣ ಮೆತ್ತಗಾಗಿಬಿಡುತ್ತದೆ.