ತೆಂಗಿನ ಸುಳಿಯಿಂದ ಬಿಳಿ ಕಾಲೊನಿವರೆಗೆ

ಕಾಸರಗೋಡಿನಲ್ಲಿ ಕ್ಲೋನಿಂಗ್‌ಗೆ (ಒಂದು ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರ ಪ್ರತಿಗಳನ್ನು ಬೆಳೆಸುವುದಕ್ಕೆ) ಬರುವ ಮಾದರಿ ಹೆಚ್ಚಾಗಿ ತೆಂಗು ಇಲ್ಲವೇ ಅಡಿಕೆ. ಬಲಿತ ಗರಿಯಲ್ಲಿ ಪಾಲಿಫಿನಾಲ್, ಪಾಲಿಸ್ಯಾಕರೈಡ್ ಜಾಸ್ತಿ. ಅವು ಡಿಎನ್‌ಎಗೆ ಅಂಟಿಕೊಂಡು ಬಂದರೆ ಮುಂದೆ ಯಾವ ಕಿಣ್ವವೂ ಸರಿಯಾಗಿ ಕೆಲಸ ಮಾಡದು. ಅದಕ್ಕೇ ನಾನು ಬಿಚ್ಚದ ಸುಳಿಯ ಎಳೆಯ ಎಲೆಯನ್ನೇ ತೆಗೆಯುವುದು. ಎಲೆಯಿಂದ ಡಿಎನ್‌ಎ ಬಿಡಿಸುವ ಸಿಟ್ಯಾಬ್ ಬಫರಿನಲ್ಲಿ 1.4 ಮೋಲಾರ್ ಉಪ್ಪು, ಪಾಲಿಫಿನಾಲ್ ಹಿಡಿದಿಡುವ ಪಿವಿಪಿ 2% ಇರಬೇಕು. ಡಿಎನ್‌ಎ ಕಂದಾಗದಂತೆ ತಡೆಯುವ ಬೀಟಾ-ಮರ್ಕಾಪ್ಟೊಇಥನಾಲನ್ನು ಬಫರ್ ಬಳಸುವ ಹೊತ್ತಿಗೆ ಸೇರಿಸಿದರೆ ಸಾಕು. ಸಿಕ್ಕಿದ ಡಿಎನ್‌ಎ ಕಂದಾಗಿದ್ದರೆ ಅಥವಾ ಪಿಪೆಟ್ಟಿಗೆ ಲೋಳೆಯ ಹಾಗೆ ಎಳೆದುಕೊಂಡರೆ ಮತ್ತೆ ಶುದ್ಧ ಮಾಡಿಯೇ, ಬೇಕಾದ ಜೀನಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಹೋಗುತ್ತೇನೆ.

ಜೀನನ್ನು ಹೊತ್ತೊಯ್ಯುವ ವೆಕ್ಟರ್ ಪಿಯುಸಿ19, 2686 ಬೇಸ್ ಜೋಡಿಯ ಒಂದು ಪ್ಲಾಸ್ಮಿಡ್ (ಉಂಗುರದಂಥ ಸಣ್ಣ ಡಿಎನ್‌ಎ). ಕತ್ತರಿಗಳು ಇಕೋಆರ್-1 ಮತ್ತು ಹಿಂಡ್-3, ತಮ್ಮದೇ ಗೊತ್ತಾದ ತಾಣದಲ್ಲಿ ಡಿಎನ್‌ಎ ಕಡಿಯುವ ಕಿಣ್ವಗಳು. ಪ್ರೈಮರಿನ (ಪಿಸಿಆರ್ ಶುರುಮಾಡುವ ಸಣ್ಣ ಡಿಎನ್‌ಎ ಎಳೆಯ) ತುದಿಗೆ ಈ ತಾಣಗಳನ್ನು ಸೇರಿಸುವಾಗ ಅವುಗಳಾಚೆ ಇನ್ನೂ ಆರು ಬೇಸ್ ಬಿಡಬೇಕು. ಡಿಎನ್‌ಎಯ ತೀರಾ ಅಂಚಿನಲ್ಲಿ ಕಿಣ್ವಕ್ಕೆ ಕೂರಲು ಜಾಗ ಸಿಗುವುದಿಲ್ಲ. ಜೀನಿನ ಒಳಗೇ ಇಕೋಆರ್‌ನ ತಾಣ ಜಿಎಎಟಿಟಿಸಿ ಅಥವಾ ಹಿಂಡ್‌ನ ತಾಣ ಎಎಜಿಸಿಟಿಟಿ ಇದೆಯೇ ಎಂದು ಪ್ರೈಮರ್ ಆರ್ಡರ್ ಮಾಡುವ ಮೊದಲೇ ನೋಡಿಬಿಡಿ.

ಕಡಿಯುವ ಮಿಶ್ರಣ 20 ಮೈಕ್ರೊಲೀಟರ್: ಡಿಎನ್‌ಎ 1 ಮೈಕ್ರೊಗ್ರಾಂ, 10ಎಕ್ಸ್ ಬಫರ್ 2, ಎರಡು ಕಿಣ್ವ ತಲಾ 1, ಉಳಿದದ್ದು ನೀರು. 37 ಡಿಗ್ರಿಯಲ್ಲಿ ಒಂದು ಗಂಟೆ. ಎರಡೂ ಕಿಣ್ವ ಒಂದೇ ಬಫರಿನಲ್ಲಿ ಚೆನ್ನಾಗಿ ನಡೆಯುತ್ತವೆಯೇ ಎಂಬುದನ್ನು ಕಂಪನಿಯ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಬಾಟಲಿಯಲ್ಲಿ ಅರ್ಧಕ್ಕರ್ಧ ಗ್ಲಿಸರಾಲ್ ಇರುವುದರಿಂದ ಒಟ್ಟು ಕಿಣ್ವ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು. ಗ್ಲಿಸರಾಲ್ 5% ದಾಟಿದರೆ ಇಕೋಆರ್-1 ತನ್ನದಲ್ಲದ ತಾಣಗಳನ್ನೂ ಕಡಿಯತೊಡಗುತ್ತದೆ. ಕಿಣ್ವವನ್ನು ಕೊನೆಗೆ ಹಾಕಿ, ಬೆರಳಿನಿಂದ ಮೆಲ್ಲಗೆ ತಟ್ಟಿ ಬೆರೆಸಿ. ಗ್ಲಿಸರಾಲ್ ಭಾರವಾದ್ದರಿಂದ ಬೆರೆಸದಿದ್ದರೆ ಕಿಣ್ವ ತಳದಲ್ಲೇ ಕೂರುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಇದರ ನಂತರ. ಪಿಯುಸಿ19ರಲ್ಲಿ ಈ ಎರಡು ತಾಣಗಳ ನಡುವೆ ಇರುವುದು ಸುಮಾರು 50 ಬೇಸ್ ಅಷ್ಟೇ. ಒಂದೇ ಕಡೆ ಕಡಿದದ್ದೂ ಎರಡೂ ಕಡೆ ಕಡಿದದ್ದೂ 1% ಜೆಲ್‌ನಲ್ಲಿ ಒಂದೇ ಜಾಗದಲ್ಲಿ, 2.7 ಕೆಬಿಯಲ್ಲಿ (ಒಂದು ಕೆಬಿ ಎಂದರೆ ಸಾವಿರ ಬೇಸ್ ಜೋಡಿ), ಕೂತಿರುತ್ತವೆ. ಬ್ಯಾಂಡ್ ಚಂದ ಬಂತು ಎಂದು ನಂಬಿ ಮುಂದೆ ಹೋದರೆ, ಒಂದೇ ಕಡೆ ಕಡಿದ ವೆಕ್ಟರ್ ತನ್ನಷ್ಟಕ್ಕೇ ಮುಚ್ಚಿಕೊಂಡು ಪ್ಲೇಟ್ ತುಂಬ ನೀಲಿ ಕಾಲೊನಿ ಬರುತ್ತದೆ (ಎಕ್ಸ್-ಗಾಲ್ ಹಾಕಿದ ಪ್ಲೇಟಿನಲ್ಲಿ ಜೀನು ಸೇರದ ವೆಕ್ಟರಿನ ಕಾಲೊನಿ ನೀಲಿ, ಸೇರಿದ್ದು ಬಿಳಿ). ಆದ್ದರಿಂದ ನಾನು ಜೊತೆಗೆ ಮೂರು ಟ್ಯೂಬ್ ಇಡುತ್ತೇನೆ: ಕಡಿಯದ್ದು, ಇಕೋಆರ್ ಮಾತ್ರ, ಹಿಂಡ್ ಮಾತ್ರ. ಎರಡೂ ಕಿಣ್ವ ಬೇರೆ ಬೇರೆಯಾಗಿ ಪ್ಲಾಸ್ಮಿಡ್ಡನ್ನು ಪೂರ್ತಿ ನೇರವಾಗಿಸಿದ್ದು ಕಂಡರೆ ಮಾತ್ರ ಡಿಎನ್‌ಎ ಶುದ್ಧ ಮಾಡುವ ಕಾಲಮ್ಮಿಗೆ ಹಾಕುವುದು. ಆ 50 ಬೇಸ್‌ನ ತುಣುಕು ಅಲ್ಲಿ ತೊಳೆದುಹೋಗುತ್ತದೆ.

ಲೈಗೇಶನ್‌ಗೆ (ವೆಕ್ಟರಿಗೆ ಜೀನನ್ನು ಬೆಸೆಯುವುದಕ್ಕೆ) ವೆಕ್ಟರ್ 50 ನ್ಯಾನೊಗ್ರಾಂ, ಸೇರಿಸಬೇಕಾದ ಜೀನಿನ ತುಣುಕು ಅಣುಗಳ ಲೆಕ್ಕದಲ್ಲಿ ಅದರ ಮೂರು ಪಟ್ಟು. 0.9 ಕೆಬಿ ತುಣುಕಾದರೆ 50 × 0.9 ÷ 2.7 × 3, ಅಂದರೆ ಅದೂ 50 ನ್ಯಾನೊಗ್ರಾಂ. ಬೆಸೆಯುವ ಕಿಣ್ವ ಟಿ4 ಲೈಗೇಸ್, 16 ಡಿಗ್ರಿ, ರಾತ್ರಿಯಿಡೀ. ಇದರ ಬಫರಿನಲ್ಲಿರುವ ಎಟಿಪಿ ಪದೇ ಪದೇ ಕರಗಿಸಿ ಗಟ್ಟಿ ಮಾಡಿದರೆ ಹಾಳಾಗುತ್ತದೆ. ತಂದ ದಿನವೇ ಸಣ್ಣ ಟ್ಯೂಬುಗಳಿಗೆ ಹಂಚಿಡಿ. ವೆಕ್ಟರ್ ತನ್ನಷ್ಟಕ್ಕೇ ಎಷ್ಟು ಮುಚ್ಚಿಕೊಂಡಿತು ಎಂದು ತಿಳಿಯಲು, ತುಣುಕಿಲ್ಲದೆ ವೆಕ್ಟರ್ ಮತ್ತು ಲೈಗೇಸ್ ಮಾತ್ರ ಇರುವ ಒಂದು ಟ್ಯೂಬ್ ಕಡ್ಡಾಯ.

ಲೈಗೇಶನ್ ಮಿಶ್ರಣ ಬೆರೆಸಿದ ಡಿಎಚ್5-ಆಲ್ಫಾ ಬ್ಯಾಕ್ಟೀರಿಯಾ ಕೋಶಗಳಿಗೆ 42 ಡಿಗ್ರಿಯ ಬಿಸಿ 45 ಸೆಕೆಂಡ್, ಕೂಡಲೇ ಮಂಜುಗಡ್ಡೆಗೆ. ಪ್ಲಾಸ್ಮಿಡ್ ಇರುವ ಕೋಶ ಮಾತ್ರ ಬೆಳೆಯಲೆಂದು ಪ್ಲೇಟಿಗೆ ಆಂಪಿಸಿಲಿನ್ 100 ಮೈಕ್ರೊಗ್ರಾಂ/ಮಿಲಿ, ಅಗಾರ್ 50 ಡಿಗ್ರಿಗೆ ಇಳಿದ ಮೇಲೆಯೇ ಬೆರೆಸಬೇಕು. ಆಟಿ ತಿಂಗಳ ಮಳೆಯಲ್ಲಿ ಪ್ಲೇಟು ಒಣಗುವುದೇ ಇಲ್ಲ, ನೀರು ಹರಿದು ಕಾಲೊನಿಗಳು ಕಲೆಸಿಹೋಗುತ್ತವೆ. ಲ್ಯಾಮಿನಾರ್‌ನಲ್ಲಿ (ಶುದ್ಧ ಗಾಳಿ ಹರಿಯುವ ಪೆಟ್ಟಿಗೆಯಲ್ಲಿ) ಮುಚ್ಚಳ ತೆರೆದು ಅರ್ಧ ಗಂಟೆ ಇಟ್ಟು, ಆಮೇಲೆ ಕೋಶಗಳನ್ನು ಹರಡುತ್ತೇನೆ. ಕರೆಂಟು ಹೋಗುವ ದಿನಗಳಲ್ಲಿ ಕಿಣ್ವಗಳು ಫ್ರೀಜರಿನೊಳಗೇ ಕೂಲ್‌ಬಾಕ್ಸಿನಲ್ಲಿರಲಿ. ತಾನಾಗಿ ಹಿಮ ಕರಗಿಸುವ ಫ್ರೀಜರ್ ಬೇಡ. ಅದು ನಡುನಡುವೆ ಬೆಚ್ಚಗಾಗುತ್ತದೆ.

ಪ್ಲೇಟಿನಲ್ಲಿ ಕಾಲೊನಿ ಬೆಳೆಯಲು ಒಂದು ರಾತ್ರಿ ಸಾಕು. ಇನ್ನೂ ಬಿಟ್ಟರೆ ದೊಡ್ಡ ಕಾಲೊನಿಯ ಸುತ್ತ ಪ್ಲಾಸ್ಮಿಡ್ ಇಲ್ಲದ ಪುಟ್ಟ ಬಿಳಿ ಕಾಲೊನಿಗಳು ಎದ್ದು ಮೋಸ ಮಾಡುತ್ತವೆ. ದೂರದಲ್ಲಿ ಒಂಟಿಯಾಗಿರುವ ಆರು ಬಿಳಿ ಕಾಲೊನಿ ಆರಿಸಿ, ಪ್ಲಾಸ್ಮಿಡ್ ತೆಗೆದು, ಅದೇ ಎರಡು ಕಿಣ್ವಗಳಿಂದ ಮತ್ತೆ ಕಡಿಯುತ್ತೇನೆ. 2.7 ಮತ್ತು 0.9 ಎರಡೂ ಬ್ಯಾಂಡ್ ಕಂಡದ್ದನ್ನು ಮಾತ್ರ ಸೀಕ್ವೆನ್ಸಿಂಗ್‌ಗೆ ಕಳಿಸುವುದು.